ಹಳೇ ಮನೆಗೆ ಹೊಸ ಕೋಣೆ

ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಹೊಸನಗರ, ಈ ಕಡೆಯ ಯಾವ ಊರಿಗೆ ಹೋದರೂ ಬೇಸಿಗೆ ಬಂತೆಂದರೆ ಒಂದೇ ಮಾತು. ಮದುವೆಮನೆಯ ಚಪ್ಪರದಡಿ, ಸೊಸೈಟಿಯ ಬಾಗಿಲಲ್ಲಿ, ಬಸ್ಸಿಗೆ ಕಾಯುವ ಕಟ್ಟೆಯ ಮೇಲೆ ಅದೇ ವಿಚಾರಣೆ: ‘ನಿಮ್ಮ ಮನೆ ಏನು ಮಾಡ್ತೀರಿ? ಕೆಡವಿ ಆರ್‌ಸಿಸಿ ಮಾಡ್ತೀರೋ, ಹಾಗೇ ಬಿಡ್ತೀರೋ?’ ಈ ಪ್ರಶ್ನೆಯಲ್ಲಿ ಎರಡೇ ದಾರಿ ಇದೆ. ನಾನು ಇವತ್ತು ಹೇಳಹೊರಟಿರುವುದು ಮೂರನೆಯದರ ಬಗ್ಗೆ. ಹಳೇ ಮನೆಯನ್ನು ಉಳಿಸಿಕೊಂಡು, ಕೆಟ್ಟದ್ದನ್ನು ಸರಿಮಾಡಿ, ಬೇಕಾದಷ್ಟು ಹೊಸದನ್ನು ಪಕ್ಕಕ್ಕೆ ಸೇರಿಸಿ ಅದರಲ್ಲೇ ಬಾಳುವ ದಾರಿ ಅದು.

ಕೆಡವುವವರ ಮೇಲೆ ನನಗೆ ಸಿಟ್ಟಿಲ್ಲ. ಮಲೆನಾಡಿನ ಹಳೇ ಮನೆಯಲ್ಲಿ ಬದುಕುವ ಕಷ್ಟ ಬದುಕಿದವರಿಗೇ ಗೊತ್ತು. ಮಂಗಗಳು ಬಂದು ಹೋದ ಮಾರನೇ ದಿನ ಹತ್ತಾರು ಹಂಚು ಒಡೆದಿರುತ್ತವೆ. ಹತ್ತಿ ಸರಿಮಾಡುವ ಆಳು ಸಿಗುವುದಿಲ್ಲ. ನಡುಮನೆ ಹಗಲಲ್ಲೂ ಕತ್ತಲು. ವಯಸ್ಸಾದವರು ರಾತ್ರಿ ಎದ್ದರೆ ಕೊಟ್ಟಿಗೆಯ ಪಕ್ಕದ ಪಾಯಿಖಾನೆಯವರೆಗೆ ಮಳೆಯಲ್ಲಿ ಹೋಗಬೇಕು. ಬೆಂಗಳೂರಿನಿಂದ ಬಂದ ಸೊಸೆ, ಮೊಮ್ಮಕ್ಕಳು ಎರಡು ದಿನಕ್ಕೇ ಗಂಟು ಕಟ್ಟುತ್ತಾರೆ. ಇವೆಲ್ಲ ಸಣ್ಣ ದೂರುಗಳಲ್ಲ. ಇವುಗಳಿಗೆ ಉತ್ತರ ಕೊಡದೆ ‘ಪರಂಪರೆ ಉಳಿಸಿ’ ಎಂದು ಉಪದೇಶ ಮಾಡುವುದು ನ್ಯಾಯವಲ್ಲ. ಆದರೆ ಈ ಒಂದೊಂದು ಕಷ್ಟಕ್ಕೂ ಮನೆಯನ್ನು ಉಳಿಸಿಕೊಂಡೇ ಪರಿಹಾರ ಇದೆ. ಅದು ಸಿಗಬೇಕಾದರೆ ನೀರನ್ನು ಮೊದಲು ಅರ್ಥಮಾಡಿಕೊಳ್ಳಬೇಕು.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಷ್ಟಿಲ್ಲದ ಊರುಗಳಲ್ಲೂ ಆರಿದ್ರದಿಂದ ಆಶ್ಲೇಷದವರೆಗೆ ಬಿಸಿಲು ಕಾಣುವುದು ಅಪರೂಪ. ಇಂಥ ಕಡೆ ನಮ್ಮ ಹಿರಿಯರು ಕಟ್ಟಿದ್ದು ಮಣ್ಣಿನ ಗೋಡೆ. ಒಂದೂವರೆ ಎರಡು ಅಡಿ ದಪ್ಪದ, ಕೆಮ್ಮಣ್ಣು ಕಲಸಿ ಏರಿಸಿದ ಗೋಡೆ. ನೀರಿಗೆ ಕರಗುವ ವಸ್ತುವಿನಿಂದಲೇ ಕಟ್ಟಿ ನೂರು ನೂರೈವತ್ತು ವರ್ಷ ನಿಲ್ಲಿಸಿದರು. ಹೇಗೆ ನಿಂತಿತು? ಗೋಡೆಯ ಕೆಳಗೆ ಮೊಣಕಾಲು ಮಟ್ಟದ ಕಲ್ಲಿನ ಪಂಚಾಂಗ, ಮೇಲೆ ಮೂರು ನಾಲ್ಕು ಅಡಿ ಹೊರಚಾಚಿದ ಸೂರು, ಸುತ್ತ ಜಗಲಿ, ಅಂಗಳದ ನೀರು ನಿಲ್ಲದೆ ಹರಿದುಹೋಗುವ ಇಳಿಜಾರು, ಮಳೆಗಾಲ ಶುರುವಾಗುವ ಮೊದಲು ಗಾಳಿ ಬರುವ ಕಡೆಗೆ ಕಟ್ಟುತ್ತಿದ್ದ ಅಡಿಕೆ ಸೋಗೆಯ ತಟ್ಟಿ. ನೀರು ಗೋಡೆಯನ್ನು ಮುಟ್ಟಬಾರದು. ಮುಟ್ಟಿದರೂ ಬೇಗ ಆರಿಹೋಗಬೇಕು. ಇಡೀ ಮನೆ ಈ ಲೆಕ್ಕದ ಮೇಲೆ ನಿಂತಿದೆ. ಇದನ್ನು ತಿಳಿಯದೆ ಮಾಡಿದ ರಿಪೇರಿಯೇ ಎಷ್ಟೋ ಮನೆಗಳನ್ನು ಬೀಳಿಸಿದೆ. ವಯಸ್ಸಾಗಿ ಬಿದ್ದ ಮನೆಗಳಿಗಿಂತ ತಪ್ಪು ದುರಸ್ತಿಯಿಂದ ಬಿದ್ದ ಮನೆಗಳನ್ನೇ ನಾನು ಹೆಚ್ಚು ಕಂಡಿದ್ದೇನೆ.

ಆದ್ದರಿಂದ ನನ್ನ ಮೊದಲ ಸಲಹೆ: ಮೇಸ್ತ್ರಿಗೆ ಮುಂಗಡ ಕೊಡುವ ಮುನ್ನ ಒಂದು ಪೂರ್ತಿ ಮಳೆಗಾಲ ಮನೆಯನ್ನು ನೋಡಿ. ಬೇಸಿಗೆಯಲ್ಲಿ ನೋಡಿದರೆ ಹಳೇ ಮನೆ ಏನನ್ನೂ ಹೇಳುವುದಿಲ್ಲ. ನಮ್ಮ ಮನೆ ಕೆಲಸ ಹಿಡಿಯುವ ಹಿಂದಿನ ಮಳೆಗಾಲ ಅಣ್ಣ ಒಂದು ಬಳಪದ ತುಂಡನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದ. ಪುನರ್ವಸು ಮಳೆಯಲ್ಲಿ ಗೋಡೆಯ ತೇವ ಎಲ್ಲಿಯವರೆಗೆ ಏರಿತು ಎಂದು ಒಂದು ಗೆರೆ. ಪುಷ್ಯದಲ್ಲಿ ಇನ್ನೊಂದು. ಹನಿ ಬಿದ್ದ ಕಡೆ ನೆಲದ ಮೇಲೆ ಒಂದು ಸೊನ್ನೆ. ಒರಲೆಯ ಮಣ್ಣಿನ ಗೆರೆ ಕಂಡ ಕಡೆ ಒಂದು ಬಾಣ. ಮಳೆಗಾಲ ಮುಗಿಯುವಾಗ ಮನೆಯೊಳಗೆ ನಡೆದಾಡಿದರೆ ಸಾಕು, ಎಲ್ಲಿ ಏನು ಮಾಡಬೇಕು ಎಂಬುದು ಗೋಡೆಯ ಮೇಲೇ ಬರೆದಿತ್ತು. ಹನಿಯ ಸೊನ್ನೆಗಳೆಲ್ಲ ಎರಡು ಮಾಡು ಕೂಡುವ ಮೂಲೆಯ ಕೆಳಗೇ ಗುಂಪಾಗಿದ್ದವು. ತೇವದ ಗೆರೆ ಪಡುವಣ ಗೋಡೆಯಲ್ಲಿ ಸೊಂಟದೆತ್ತರ. ಉಳಿದ ಮೂರು ಕಡೆ ಪಾದದ ಮಟ್ಟ. ಅಂದರೆ ಮಾಡೆಲ್ಲ ಹಾಳಾಗಿಲ್ಲ, ಒಂದು ಸಂದು ಹಾಳಾಗಿದೆ. ಗೋಡೆಯೆಲ್ಲ ಕೆಟ್ಟಿಲ್ಲ, ಒಂದು ಕಡೆ ನೀರು ನಿಲ್ಲುತ್ತಿದೆ. ‘ಇಡೀ ಮನೆ ಹೋಯ್ತು’ ಎಂದು ಎಲ್ಲರೂ ಅನ್ನುತ್ತಿದ್ದ ಮನೆಯ ನಿಜವಾದ ರೋಗ ಇಷ್ಟೇ ಆಗಿತ್ತು.

ಪಡುವಣ ಗೋಡೆಗೇ ಯಾಕೆ ಅಷ್ಟು ತೇವ? ಆ ಬದಿಯ ಅಂಗಳಕ್ಕೆ ಯಾವಾಗಲೋ ಮಣ್ಣು ಹಾಕಿ ಏರಿಸಿ ಸಿಮೆಂಟು ಹಾಕಿದ್ದರು, ಅಡಿಕೆ ಒಣಗಿಸಲು ಅನುಕೂಲವೆಂದು. ಕಲ್ಲಿನ ಪಂಚಾಂಗ ಅರ್ಧ ಹೂತುಹೋಗಿ, ಅಂಗಳದ ಮಟ್ಟ ಮಣ್ಣಿನ ಗೋಡೆಯ ಬುಡಕ್ಕೇ ಬಂದಿತ್ತು. ಈಚೆಗೆ ಇಂಟರ್‌ಲಾಕ್ ಹಾಕಿಸುವ ಹುಮ್ಮಸ್ಸಿನಲ್ಲಿ ಊರೂರಲ್ಲಿ ಇದೇ ನಡೆಯುತ್ತಿದೆ. ಅಂಗಳ ಚಂದ ಕಾಣುತ್ತದೆ, ನೀರು ಮಾತ್ರ ಇಂಗಲು ಜಾಗವಿಲ್ಲದೆ ಗೋಡೆಯೊಳಗೆ ಏರುತ್ತದೆ. ನಾವು ಆ ಕಡೆಯ ಸಿಮೆಂಟು ಒಡೆದು, ಗೋಡೆಯಿಂದ ಮೂರಡಿ ಅಗಲಕ್ಕೆ ಮಣ್ಣು ತೆಗೆದು ಹಳೇ ಮಟ್ಟಕ್ಕೆ ಇಳಿಸಿ, ಹೊರಕ್ಕೆ ಇಳಿಜಾರಾಗಿ ಚಪ್ಪಡಿ ಹಾಸಿ, ಅಂಚಿಗೆ ಚರಂಡಿ ಮಾಡಿದೆವು. ಮುಂದಿನ ಮಳೆಗಾಲದಲ್ಲಿ ತೇವದ ಗೆರೆ ಮೊಣಕಾಲಿಗಿಂತ ಕೆಳಗೆ ಇಳಿಯಿತು. ಗೋಡೆಗೆ ಏನೂ ಬಳಿದಿರಲಿಲ್ಲ, ಯಾವ ಔಷಧಿಯನ್ನೂ ಹೊಡೆದಿರಲಿಲ್ಲ.

ಗೋಡೆಗೆ ಬಳಿಯುವ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅತಿ ಹೆಚ್ಚು ಹಾನಿ ಆಗುತ್ತಿರುವುದು ಇಲ್ಲೇ. ಮಣ್ಣಿನ ಗೋಡೆ ಉದುರುತ್ತಿದೆ ಎಂದ ಕೂಡಲೇ ಸಿಮೆಂಟಿನ ಗಿಲಾವು ಮಾಡಿಸುತ್ತಾರೆ. ಒಂದೆರಡು ವರ್ಷ ಗಟ್ಟಿಯಾಗಿ, ನುಣ್ಣಗೆ ಕಾಣುತ್ತದೆ. ಆದರೆ ನೆಲದಿಂದ ಮೇಲೇರುವ ತೇವ ನಿಂತಿರುವುದಿಲ್ಲ. ಮೊದಲಾದರೆ ಅದು ಗೋಡೆಯ ಮೈಯಿಂದ ಆರಿಹೋಗುತ್ತಿತ್ತು. ಈಗ ಸಿಮೆಂಟಿನ ಹಿಂದೆ ಸಿಕ್ಕಿಕೊಂಡು ಮಣ್ಣನ್ನು ಮೆತ್ತಗೆ ಮಾಡುತ್ತದೆ, ಇನ್ನೂ ಮೇಲಕ್ಕೆ ಏರುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು. ನಮ್ಮ ನೆರೆಯ ಒಂದು ಮನೆಯಲ್ಲಿ ಹೀಗೆ ತಟ್ಟಿ ನೋಡಿ ಗಿಲಾವನ್ನು ಕಿತ್ತಾಗ ಹಿಂದೆ ಗೋಡೆಯ ಕಾಲುಭಾಗ ಪುಡಿಯಾಗಿ ಕೆಳಗೆ ಕೂತಿತ್ತು. ಮಣ್ಣಿನ ಗೋಡೆಗೆ ಮಣ್ಣೇ ಮದ್ದು, ಮೇಲೆ ಸುಣ್ಣದ ಗಾರೆ.

ಸುಣ್ಣದ ಗುಣವೇ ಬೇರೆ. ಸುಣ್ಣದ ಕಲ್ಲನ್ನೋ ಚಿಪ್ಪನ್ನೋ ಗೂಡಿನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ನೀರು ಹಾಕಿ ಅರಳಿಸಿ ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಕಲ್ಲಾದರೂ ತೇವವನ್ನು ಒಳಗೆ ಕಟ್ಟಿಹಾಕುವುದಿಲ್ಲ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು, ಕಲಸಲು ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು, ಇದು ಹಿಂದಿನ ಗಾರೆಯವರ ಕ್ರಮ. ಅರಳಿಸಿದ ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲೇ ಬಿಟ್ಟಷ್ಟೂ ಒಳ್ಳೆಯದು. ಅರಳದೆ ಉಳಿದ ಕಾಳು ಗೋಡೆಯ ಮೇಲೆ ಹೋದಮೇಲೆ ಅರಳಿದರೆ ಸಿಡಿದು ಗುಳಿಬೀಳುತ್ತದೆ. ಈ ಕೆಲಸಕ್ಕೆ ಆತುರ ಆಗುವುದಿಲ್ಲ. ಸಿಮೆಂಟಿನವರು ನಾಲ್ಕು ದಿನದಲ್ಲಿ ಮುಗಿಸುವುದಕ್ಕೆ ಸುಣ್ಣದವರು ತಿಂಗಳು ಕೇಳುತ್ತಾರೆ. ಕೊಡಿ. ಗಾರೆ ಬಲ್ಲ ಹಿರಿಯ ಕೆಲಸಗಾರರು ಇನ್ನೂ ಅಲ್ಲಲ್ಲಿ ಇದ್ದಾರೆ. ಅವರ ಜೊತೆಗೆ ಇಬ್ಬರು ಹುಡುಗರನ್ನು ಸಂಬಳ ಕೊಟ್ಟು ನಿಲ್ಲಿಸಿ. ಗೋಡೆಯ ಜೊತೆಗೆ ಒಂದು ಕಸುಬೂ ಉಳಿಯುತ್ತದೆ. ಸುಣ್ಣ ಬಳಿದ ಮೇಲೆ ಅದರ ಮೇಲೆ ಪ್ಲಾಸ್ಟಿಕ್ ಪೇಂಟು ಹೊಡೆಯಬೇಡಿ. ಅಷ್ಟೂ ಕೆಲಸ ವ್ಯರ್ಥವಾಗುತ್ತದೆ.

ಇನ್ನು ಮಾಡಿನ ಕಡೆ ತಲೆ ಎತ್ತೋಣ. ನಮ್ಮಲ್ಲಿ ಬಹುಪಾಲು ಮನೆಗಳ ಮೇಲಿರುವುದು ಮಂಗಳೂರು ಹಂಚು. ಬಾಸೆಲ್ ಮಿಶನ್ನಿನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ, ನೇತ್ರಾವತಿ ದಂಡೆಯ ಜೇಡಿಮಣ್ಣಿನಿಂದ ಇದನ್ನು ಒತ್ತಿ ಸುಡಲು ಶುರುಮಾಡಿದ ಮೇಲೆ ಸೋಗೆಯ ಮನೆಗಳೂ ನಾಡಹಂಚಿನ ಮನೆಗಳೂ ಒಂದೊಂದಾಗಿ ಇದಕ್ಕೆ ಬದಲಾದವು. ಹಂಚಿನ ಬೆನ್ನಿನ ಮೇಲೆ 1865 ಎಂದು ಇರುವುದನ್ನು ಓದಿ ‘ನಮ್ಮ ಮನೆ 1865ರದ್ದು’ ಎಂದು ಹಲವರು ಹೇಳುತ್ತಾರೆ. ಅದು ಕಾರ್ಖಾನೆ ಹುಟ್ಟಿದ ವರ್ಷ, ಅದರ ಗುರುತಿನ ಜೊತೆ ಅಚ್ಚಾಗಿರುವುದು. ಮನೆಯ ವಯಸ್ಸು ತಿಳಿಯಬೇಕಾದರೆ ಹಳೇ ಕಾಗದಪತ್ರ ನೋಡಬೇಕು.

ಈ ಹಂಚು ತೆಗೆದು, ಅದೇ ಗೋಡೆಗಳ ಮೇಲೆ ಆರ್‌ಸಿಸಿ ತಾರಸಿ ಹಾಕಿಸುವವರಿದ್ದಾರೆ. ದಯವಿಟ್ಟು ಈ ಲೆಕ್ಕ ಕೇಳಿ. 100 ಚದರಡಿ ಮಾಡಿಗೆ ಸುಮಾರು 150 ಹಂಚು ಬೇಕು, ಒಂದೊಂದರ ತೂಕ ಎರಡೂವರೆ ಕಿಲೋ ಆಸುಪಾಸು. ಎಲ್ಲ ಸೇರಿ ನಾನೂರು ಕಿಲೋದ ಹತ್ತಿರ, ಮೇಲೆ ಪಕಾಸು ರೀಪಿನ ತೂಕ. ಅದೇ 100 ಚದರಡಿಗೆ ನಾಲ್ಕಿಂಚು ದಪ್ಪದ ಕಾಂಕ್ರೀಟು ಹಾಕಿದರೆ ಎರಡು ಟನ್ನಿಗೂ ಹೆಚ್ಚು. ಹಗುರವಾದ ಮಾಡಿಗೆಂದು ಕಟ್ಟಿದ ಮಣ್ಣಿನ ಗೋಡೆಯ ನೆತ್ತಿಯ ಮೇಲೆ ಅಷ್ಟು ಭಾರ ಇಟ್ಟು, ಆ ಸೂರನ್ನೂ ಕತ್ತರಿಸಿ, ಮಳೆಗೆ ಗೋಡೆಯ ಮೈ ಒಡ್ಡಿದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ತಾರಸಿಯೇ ಬೇಕೆಂದರೆ ಅದನ್ನು ಹೊಸ ಭಾಗದಲ್ಲಿ, ಅದರದ್ದೇ ಕಂಬಗಳ ಮೇಲೆ ಮಾಡಿ.

ಮಂಗಗಳ ಕಾಟಕ್ಕೆ ಹಂಚಿನ ಮೇಲೆ ಎತ್ತರಕ್ಕೆ ತಗಡಿನ ಇನ್ನೊಂದು ಮಾಡು ಎಬ್ಬಿಸುವುದು ಈಗ ಎಲ್ಲೆಲ್ಲೂ ಕಾಣುತ್ತದೆ. ನೋಡಲು ಚಂದವಿಲ್ಲ. ಆದರೂ ಮನೆಯಲ್ಲಿ ಇಬ್ಬರು ವಯಸ್ಸಾದವರು ಮಾತ್ರ ಇರುವಾಗ, ಹಂಚು ಹತ್ತುವವರು ಯಾರೂ ಇಲ್ಲದಾಗ, ಕೆಡವುವುದಕ್ಕಿಂತ ಅದು ಸಾವಿರ ಪಾಲು ವಾಸಿ. ಹಂಚಿಗೂ ತಗಡಿಗೂ ನಡುವೆ ಗಾಳಿಯಾಡಲು ಎರಡು ಮೂರು ಅಡಿ ಬಿಟ್ಟರೆ ಒಳಗೆ ಸೆಕೆಯೂ ಆಗುವುದಿಲ್ಲ, ಮರವೂ ಒಣಗಿರುತ್ತದೆ.

ಮರದ ವಿಷಯ ಬಂದಾಗ ನಾನು ನಂಬುವುದು ಬಡಗಿ ಆಚಾರ್ರನ್ನೇ. ನಮ್ಮ ನಡುಮನೆಯ ಮುಚ್ಚಿಗೆಯನ್ನು ಹೊತ್ತ ದೊಡ್ಡ ತೊಲೆ ಗೋಡೆಯ ಹತ್ತಿರ ಕಪ್ಪಾಗಿ ಬಾಗಿದ ಹಾಗೆ ಕಾಣುತ್ತಿತ್ತು. ನೋಡಿದವರೆಲ್ಲ ಕಬ್ಬಿಣದ ಗರ್ಡರ್ ಹಾಕಿ ಎಂದಿದ್ದರು. ಆಚಾರ್ರು ಬಂದವರು ಏಣಿ ಹಾಕಿ ಹತ್ತಿ, ಕೊಡತಿಯಿಂದ ತೊಲೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಗೇಣುಗೇಣಿಗೆ ತಟ್ಟುತ್ತಾ ಹೋದರು. ನಡುವೆಲ್ಲ ಖಣಿಖಣಿ ಅನ್ನುತ್ತಿದ್ದ ಸದ್ದು ಗೋಡೆ ಹತ್ತಿರ ಬಂದಾಗ ಮಂಕಾಯಿತು. ಅಲ್ಲಿ ಉಳಿಯ ತುದಿ ಒತ್ತಿದರು. ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಒಂದು ಗೇಣು ಈಚೆಗೆ ಒತ್ತಿದರು, ಉಗುರಿನಷ್ಟೂ ಇಳಿಯಲಿಲ್ಲ.

‘ಗೌಡ್ರೇ, ತೊಲೆ ಗಟ್ಟಿ ಅದೆ. ತಲೆ ಮಾತ್ರ ಹೋಗಿದೆ’ ಎಂದರು.

‘ಪೂರ್ತಿ ಬದಲಾಯ್ಸೋದು ಬೇಡ್ವಾ ಆಚಾರ್ರೇ?’ ಅಣ್ಣ ಕೇಳಿದ.

‘ಇಂಥ ಹೊನ್ನೆ ಮರ ಈಗ ಎಲ್ಲಿಂದ ತರ್ತೀರಿ? ತಲೆ ಕುಯ್ದು ಬೇರೆ ತಲೆ ಕೂಡ್ಸಾಣ. ಗೋಡೆ ಒಳಗೆ ಮಾತ್ರ ಮಣ್ಣು ತುಂಬಿ ಮುಚ್ಚಬ್ಯಾಡಿ. ಅದು ಹೋಗಿದ್ದೇ ಅದ್ರಿಂದ.’

ತೊಲೆಗೆ ಎರಡು ಕಡೆ ಊರೆಗಂಬ ಕೊಟ್ಟು, ಕೆಟ್ಟ ತುದಿಯನ್ನು ಓರೆಯಾಗಿ ಉದ್ದಕ್ಕೆ ಕುಯ್ದು ತೆಗೆದರು. ಹಳೇ ಕೊಟ್ಟಿಗೆಯ ಕಂಬವೊಂದರ ಗಟ್ಟಿ ತುಂಡನ್ನು ಅದೇ ಓರೆಗೆ ಕೆತ್ತಿ ಕೂಡಿಸಿ, ಮರದ ಬೆಣೆ ಹೊಡೆದು, ಎರಡು ಬೋಲ್ಟು ಬಿಗಿದರು. ಗೋಡೆಯೊಳಗೆ ತೊಲೆಯ ತಲೆ ಕೂರಲು ಒಂದು ಚಪ್ಪಡಿ ಕಲ್ಲು. ತಲೆಯ ಸುತ್ತ ಎರಡು ಬೆರಳು ಖಾಲಿ ಜಾಗ, ಗಾಳಿ ಓಡಾಡಲು. ಮರ ಕೆಡುವುದು ಹೆಚ್ಚಾಗಿ ಹೀಗೆಯೇ, ಗೋಡೆಯೊಳಗೆ ಮುಚ್ಚಿದ ತುದಿಯಲ್ಲಿ, ಇಲ್ಲವೇ ನೆಲಕ್ಕೆ ತಾಗಿದ ಬುಡದಲ್ಲಿ. ತುದಿ ಬುಡ ಕೆಟ್ಟ ಮರವನ್ನು ಪೂರ್ತಿ ಎಸೆಯುವುದು ಅನ್ಯಾಯ. ಹಾಗೆ ತೆಗೆದು ಹಾಕಿದ ಕಂಬ, ಬೋದಿಗೆ, ದಾರಂದಗಳನ್ನು ಕೊಳ್ಳಲು ಲಾರಿ ತಂದು ಕಾಯುವವರಿದ್ದಾರೆ. ಪಟ್ಟಣದ ರೆಸಾರ್ಟುಗಳ ಬಾಗಿಲಲ್ಲಿ ನಿಂತಿರುವ ಎಷ್ಟೋ ಕಂಬಗಳು ನಮ್ಮ ಊರಿನವು. ಹೊಸ ಮರ ಬೇಕೆಂದರೆ ನಿಮ್ಮ ಜಮೀನಿನದೇ ಆದರೂ ಹೆಚ್ಚಿನ ಜಾತಿಯ ಮರಗಳಿಗೆ 1976ರ ಮರ ಸಂರಕ್ಷಣಾ ಕಾಯಿದೆಯಂತೆ ಅರಣ್ಯ ಇಲಾಖೆಯ ಅನುಮತಿ ಬೇಕು. ಇರುವ ಮರವನ್ನು ಕಾಪಾಡಿಕೊಳ್ಳುವುದೇ ಜಾಣತನ.

ಮರದ ಇನ್ನೊಂದು ಕಾವಲುಗಾರ ಹೊಗೆ. ಸೌದೆ ಒಲೆಯ ಹೊಗೆ ಅಟ್ಟಕ್ಕೆ ಏರಿ ಪಕಾಸು ಜಂತೆಗಳನ್ನು ಕಪ್ಪಾಗಿಸುತ್ತಿತ್ತು, ಹುಳ ಸುಳಿಯುತ್ತಿರಲಿಲ್ಲ, ಮಳೆಗಾಲದಲ್ಲೂ ಅಟ್ಟ ಬೆಚ್ಚಗಿರುತ್ತಿತ್ತು. ಗ್ಯಾಸು ಬಂದು ಹೆಂಗಸರ ಕಣ್ಣು, ಶ್ವಾಸಕೋಶ ಉಳಿದವು. ಅದನ್ನು ಬಿಟ್ಟು ಹಿಂದಕ್ಕೆ ಹೋಗುವ ಮಾತಿಲ್ಲ. ಆದರೆ ಒಲೆ ಆರಿದ ಮೇಲೆ ಅಟ್ಟಕ್ಕೆ ಬೂಸಲು ಬಂತು, ಮರ ಕೊರೆಯುವ ಹುಳ ಬಂತು. ನಮ್ಮಲ್ಲಿ ಅಮ್ಮ ಹಟ ಹಿಡಿದು ಬಚ್ಚಲ ಒಲೆಯನ್ನು ಉಳಿಸಿಕೊಂಡರು. ‘ಸೋಲಾರ್ ಹಾಕ್ಕೊಳಿ, ಬೇಡ ಅನ್ನಲ್ಲ. ಮಳೆಗಾಲದಲ್ಲಿ ಹಂಡೆಗೆ ಬೆಂಕಿ ಇರ್ಲೇಬೇಕು’ ಎಂದರು. ಬಿಸಿಲೇ ಇಲ್ಲದ ಎರಡು ತಿಂಗಳು ಸೋಲಾರ್ ಏನು ಮಾಡೀತು? ಅವರ ಮಾತಿಗೆ ಒಪ್ಪಿ, ಆ ಒಲೆಗೆ ಸರಿಯಾದ ಹೊಗೆಗೂಡು ಮಾಡಿಸಿ, ಹೊಗೆಯ ಬಿಸಿ ಅಟ್ಟದ ಪಕ್ಕದಿಂದ ಹಾದುಹೋಗುವಂತೆ ಕಟ್ಟಿಸಿದೆವು. ಉಸಿರಾಡುವ ಜಾಗದಲ್ಲಿ ಹೊಗೆಯಿಲ್ಲ, ಅಟ್ಟ ಬೆಚ್ಚಗಿದೆ. ಮನೆ ರಿಪೇರಿಯ ಮಾತುಕತೆಗೆ ಅಡುಗೆಮನೆಯಲ್ಲಿ ಜೀವ ಸವೆಸಿದವರನ್ನು ಮೊದಲು ಕೂರಿಸಬೇಕು ಎಂದು ನಾನು ಹೇಳುವುದು ಇದಕ್ಕೇ. ಇಂಜಿನಿಯರಿಗೆ ತೋಚದ್ದು ಅವರಿಗೆ ಗೊತ್ತಿರುತ್ತದೆ.

ಈಗ ವಿಸ್ತರಣೆಗೆ ಬರುತ್ತೇನೆ. ಹೊಸದಾಗಿ ಏನು ಸೇರಿಸಬೇಕು, ಎಲ್ಲಿ ಸೇರಿಸಬೇಕು?

ನನ್ನ ನಿಲುವು ಇದು. ನೀರು ಬಳಸುವ ಕೋಣೆಗಳೆಲ್ಲ ಹೊಸ ಭಾಗಕ್ಕೆ ಹೋಗಲಿ. ಒಣ ಕೋಣೆಗಳೆಲ್ಲ ಹಳೇ ಭಾಗದಲ್ಲಿ ಉಳಿಯಲಿ. ಅಟ್ಯಾಚ್ಡ್ ಬಾತ್‌ರೂಮು ಬೇಕೆಂದು ಹಳೇ ಮಲಗುವ ಕೋಣೆಯ ಮೂಲೆಗೇ ಗೋಡೆ ಎಬ್ಬಿಸಿ, ಟೈಲ್ಸ್ ಹಾಕಿ, ಮಣ್ಣಿನ ಗೋಡೆಯೊಳಗೆ ಪೈಪು ಹುದುಗಿಸುತ್ತಾರೆ. ಪೈಪಿನ ಒಂದು ಕೂಡು ಸಣ್ಣಗೆ ಸೋರಿದರೂ ಸಾಕು, ಒಳಗೊಳಗೇ ಗೋಡೆ ಕುಸಿಯುತ್ತದೆ, ಒರಲೆಗೆ ಹಬ್ಬ. ಮಳೆಯಿಂದ ಕಾಪಾಡಲು ಇಷ್ಟೆಲ್ಲ ಮಾಡಿದ ಮನೆಯ ಹೊಟ್ಟೆಯೊಳಗೆ ನಾವೇ ನೀರು ಬಿಟ್ಟ ಹಾಗಾಗುತ್ತದೆ. ಬದಲಿಗೆ ಮನೆಯ ಹಿಂಬದಿಗೆ ಒಂದು ಹೊಸ ಸಾಲು: ಅಡುಗೆಮನೆ, ಎರಡು ಬಚ್ಚಲು, ಪಾಯಿಖಾನೆ, ಬಟ್ಟೆ ಒಗೆಯುವ ಜಾಗ, ವಯಸ್ಸಾದವರಿಗೆ ಮೆಟ್ಟಿಲಿಲ್ಲದ ಒಂದು ಮಲಗುವ ಕೋಣೆ. ಇಲ್ಲಿ ಎಷ್ಟು ಬೇಕಾದರೂ ಸಿಮೆಂಟು, ಟೈಲ್ಸು, ಪೈಪು ಇರಲಿ. ಹಳೇ ಅಡುಗೆಮನೆ ಖಾಲಿಯಾಗಿ ಅಲ್ಲಿ ಹುಡುಗರು ಕೂತು ಕಂಪ್ಯೂಟರಿನಲ್ಲಿ ಕೆಲಸ ಮಾಡಲು ಜಾಗವಾಗುತ್ತದೆ. ನಮ್ಮ ಮನೆಯಲ್ಲಿ ಆಗಿರುವುದು ಅದೇ. ಅಣ್ಣನ ಮಗ ವರ್ಷದ ಅರ್ಧ ಇಲ್ಲಿಂದಲೇ ಕೆಲಸ ಮಾಡುತ್ತಾನೆ.

ಹೊಸದನ್ನು ಹಳೆಯದಕ್ಕೆ ಹೇಗೆ ಕೂಡಿಸುವುದು? ಅಂಟಿಸಬಾರದು. ಹಳೇ ಗೋಡೆ ನೂರು ವರ್ಷದಿಂದ ಕೂತು ಕೂತು ನೆಲದಲ್ಲಿ ನೆಲೆಯಾಗಿದೆ. ಹೊಸ ಬುನಾದಿ ಕಟ್ಟಿದ ಮೇಲೆ ಒಂದೆರಡು ಮಳೆಗಾಲದಲ್ಲಿ ಸ್ವಲ್ಪವಾದರೂ ಕೆಳಗೆ ಕೂರುತ್ತದೆ. ಎರಡನ್ನೂ ಹಲ್ಲು ಬಿಟ್ಟು ಹೆಣೆದು ಕಟ್ಟಿದರೆ ಹೊಸದು ಕೂರುವಾಗ ಹಳೆಯದನ್ನು ಎಳೆದು ಬಿರುಕು ಬಿಡಿಸುತ್ತದೆ. ಹಳೇ ಗೋಡೆಯ ಪಕ್ಕದಲ್ಲೇ ಆಳವಾಗಿ ಅಗೆಯುವುದಂತೂ ಅಪಾಯ. ಅದರ ಕಾಲಡಿಯ ಮಣ್ಣೇ ಜಾರುತ್ತದೆ. ನಾವು ಹಳೇ ಮನೆಯಿಂದ ಒಂದು ಮಾರು ದೂರ ಬಿಟ್ಟು ಹೊಸ ಸಾಲನ್ನು ಕಟ್ಟಿ, ನಡುವೆ ಓಣಿಯಂಥ ಒಂದು ಜಗಲಿ ಬಿಟ್ಟೆವು. ಹಳೇ ಅಡುಗೆಮನೆಯ ಹಿತ್ತಿಲ ಬಾಗಿಲೇ ಹೊಸ ಭಾಗಕ್ಕೆ ದಾರಿ. ಹಳೇ ಗೋಡೆಯಲ್ಲಿ ಒಂದು ಹೆಂಟೆ ಮಣ್ಣನ್ನೂ ಒಡೆಯಬೇಕಾಗಲಿಲ್ಲ. ಆ ಓಣಿಯಿಂದಾಗಿ ಹಳೇ ಕೋಣೆಗಳಿಗೆ ಗಾಳಿ ಬೆಳಕು ತಪ್ಪಲಿಲ್ಲ. ಜಾಗವಿಲ್ಲದೆ ಗೋಡೆಗೆ ಗೋಡೆ ತಾಗಿಸಿಯೇ ಕಟ್ಟಬೇಕಾದವರು ಎರಡರ ನಡುವೆ ಒಂದೆರಡು ಅಂಗುಲ ಸಂದು ಬಿಟ್ಟು, ಮೇಲೆ ಒಂದು ಕಡೆ ಮಾತ್ರ ಹಿಡಿದ ತಗಡು ಮುಚ್ಚಿಸಲಿ.

ಮಾಡಿನ ಕೂಡು ಇನ್ನೂ ಸೂಕ್ಷ್ಮ. ಹೊಸ ಮಾಡಿನ ನೆತ್ತಿ ಹಳೇ ಸೂರಿನ ಕೆಳಗೆ ನುಗ್ಗಿರಬೇಕು, ಒಂದೂವರೆ ಅಡಿಯಾದರೂ. ಆಗ ಮೇಲಿನ ನೀರು ಕೆಳಗಿನದರ ಮೇಲೆ ಬಿದ್ದು ಹೊರಕ್ಕೆ ಹರಿಯುತ್ತದೆ. ಎರಡು ಮಾಡಿನ ಇಳಿಜಾರು ಒಂದಕ್ಕೊಂದು ಎದುರಾಗಿ ನಡುವೆ ದೋಣಿ ಇಡುವ ನಕ್ಷೆಯನ್ನು ಮಲೆನಾಡಿನಲ್ಲಿ ಯಾರಾದರೂ ತೋರಿಸಿದರೆ ಒಪ್ಪಬೇಡಿ. ಮಾವು, ಹಲಸು, ನೇರಳೆಯ ಎಲೆ ಬಿದ್ದು ಒಂದೇ ರಾತ್ರಿಗೆ ದೋಣಿ ಕಟ್ಟಿಕೊಳ್ಳುತ್ತದೆ, ಪುಷ್ಯ ಮಳೆಯ ನೀರೆಲ್ಲ ಮನೆಯೊಳಗೆ. ನಮ್ಮ ಸೊನ್ನೆಗಳೆಲ್ಲ ಗುಂಪಾಗಿದ್ದದ್ದು ಅಂಥದೇ ಒಂದು ಮೂಲೆಯಲ್ಲಿ. ಹಿಂದೊಮ್ಮೆ ಸೇರಿಸಿದ ಕೋಣೆಯ ಮಾಡು ಅಲ್ಲಿ ಮೂಲ ಮನೆಗೆ ಎದುರಾಗಿತ್ತು. ಅದನ್ನು ಬಿಚ್ಚಿ ಇಳಿಜಾರನ್ನೇ ತಿರುಗಿಸಿದ ಮೇಲೆ ಸೋರುವುದು ನಿಂತಿತು.

ಹೊಸ ಗೋಡೆಗೆ ಏನು ಬಳಸಬೇಕು ಎಂದರೆ, ಸಿಗುವ ಕಡೆ ಜಂಬಿಟ್ಟಿಗೆ ಕಲ್ಲು ಒಳ್ಳೆಯದು. ಇನ್ನೊಂದು ಒಳ್ಳೆಯ ದಾರಿ ಒತ್ತುಮಣ್ಣಿನ ಇಟ್ಟಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ವಿಭಾಗ ಶುರುವಾಯಿತು. ಅಲ್ಲಿ ರೂಪುಗೊಂಡ ‘ಮರ್ದಿನಿ’ ಎಂಬ ಕೈಯಂತ್ರದಲ್ಲಿ ಮಣ್ಣು, ಮರಳು, ನೂರಕ್ಕೆ ಆರೋ ಎಂಟೋ ಪಾಲು ಸಿಮೆಂಟು ಸೇರಿಸಿ ಒತ್ತಿದರೆ ಇಟ್ಟಿಗೆ ಸಿದ್ಧ. ಸುಡಬೇಕಿಲ್ಲ, ಸೌದೆ ಬೇಡ. ಮೂರು ನಾಲ್ಕು ವಾರ ನೀರು ಹನಿಸಿ ಹದಮಾಡಿದರೆ ಸಾಕು. ನಮ್ಮ ಹಿತ್ತಿಲ ಮಣ್ಣಿನಿಂದಲೇ ಹೊಸ ಗೋಡೆ ಎದ್ದಿತು. ಬಣ್ಣದಲ್ಲಿ ಹಳೇ ಗೋಡೆಗೆ ಹತ್ತಿರ, ಬಲದಲ್ಲಿ ಹೊಸ ಕಾಲಕ್ಕೆ ತಕ್ಕದ್ದು.

ವಿದ್ಯುತ್ತಿನ ಬಗ್ಗೆ ಒಂದು ಎಚ್ಚರಿಕೆ. ಹಳೇ ಮನೆಯ ವೈರುಗಳನ್ನು ಪೂರ್ತಿ ಬದಲಾಯಿಸಿ, ಅರ್ತಿಂಗ್ ಸರಿಮಾಡಿಸಿ, ಸೋರಿಕೆ ಕರೆಂಟಿಗೆ ತಾನೇ ಬಂದ್ ಆಗುವ ಬ್ರೇಕರ್ ಹಾಕಿಸಿ. ಮೇಲೆಲ್ಲ ಒಣಮರ ಇರುವ ಮನೆಯಲ್ಲಿ ಇದರಲ್ಲಿ ಉಳಿತಾಯ ಮಾಡಬೇಡಿ.

ಕೆಲಸ ಶುರುವಾಗುವ ಮೊದಲೇ ತೀರಬೇಕಾದ ಒಂದು ಮಾತು ಇದೆ. ಮನೆ ಯಾರದ್ದು? ತಾತನ ಹೆಸರಿನಲ್ಲೇ ಉಳಿದಿರುವ ಮನೆಗೆ ಒಬ್ಬ ಮಗ ಲಕ್ಷಗಟ್ಟಲೆ ಸುರಿದು, ಆಮೇಲೆ ಪಾಲಿನ ಜಗಳ ಎದ್ದು, ಅರ್ಧ ಕಟ್ಟಿದ ಗೋಡೆ ಹಾಗೇ ನಿಂತಿರುವುದು ಎಷ್ಟೋ ಊರಿನಲ್ಲಿದೆ. ಮನೆಯ ಹೆಣ್ಣುಮಕ್ಕಳನ್ನು ಬಿಟ್ಟು ಈ ಮಾತುಕತೆ ನಡೆಯುವುದು ಇನ್ನೂ ನಿಂತಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ತಿದ್ದಿತು. ಆಗ ಮದುವೆಯಾಗಿದ್ದವರು ಅದರಿಂದ ಹೊರಗುಳಿದಿದ್ದರು. 2005ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿ ಮದುವೆಯಾದವರನ್ನೂ ಒಳಗೊಂಡಿತು. 2005ರ ಹೊತ್ತಿಗೆ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪು ಕೊಟ್ಟಿದೆ. ಕಾನೂನು ಹೇಳಿತು ಎಂದು ಮಾತ್ರ ಅಲ್ಲ, ಅಕ್ಕತಂಗಿಯರು ಹುಟ್ಟಿ ಬೆಳೆದ ಮನೆ ಅದು. ಅವರನ್ನು ಕರೆದು ಕೂರಿಸಿ ಕೇಳಬೇಕು. ನಮ್ಮ ಅಕ್ಕ ಕೇಳಿದ್ದು ಒಂದೇ: ‘ನಾನು ಬಂದಾಗ ಯಾರದೋ ಕೋಣೆಲಿ ಮಲಗೋ ಹಾಗೆ ಆಗ್ಬಾರ್ದು.’ ಮೆತ್ತಿನ ಮೇಲಿನ ಕೋಣೆ ಈಗ ಅಕ್ಕನದು. ಬೀಗದ ಕೈ ಅವರ ಹತ್ತಿರವೇ ಇದೆ. ಒಪ್ಪಿದ್ದನ್ನು ಕಾಗದದ ಮೇಲೆ ಬರೆದು ಎಲ್ಲರೂ ಸಹಿ ಹಾಕಿದೆವು. ಪಂಚಾಯಿತಿಯ ಇ-ಸ್ವತ್ತು ಖಾತೆ, ಕಟ್ಟುವ ಪರವಾನಗಿ ಇವೂ ಆಗಲೇ ಆದವು. ಬ್ಯಾಂಕಿನವರು ಸಾಲಕ್ಕೆ ಮೊದಲು ಕೇಳುವುದೇ ಇವನ್ನು.

ಹಳೇ ಮನೆ ಎಂಥದಿತ್ತು, ಏನನ್ನು ಉಳಿಸಬೇಕು ಎಂದು ಕಣ್ಣಾರೆ ನೋಡಬೇಕೆನ್ನುವವರು ಎರಡು ಕಡೆ ಹೋಗಿ ಬನ್ನಿ. ಒಂದು ಕುಪ್ಪಳಿಯ ಕವಿಮನೆ. ಕುವೆಂಪು ಅವರ ಆ ಮನೆಯನ್ನು ಅವರ ಹೆಸರಿನ ಪ್ರತಿಷ್ಠಾನದವರು ದುರಸ್ತಿ ಮಾಡಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಅಲ್ಲಿ ಫೋಟೋ ತೆಗೆಯುವುದರ ಜೊತೆಗೆ ಸೂರು ಎಷ್ಟು ಚಾಚಿದೆ, ನಡುವಿನ ಅಂಗಳದ ನೀರು ಎಲ್ಲಿಂದ ಹೊರಹೋಗುತ್ತದೆ, ಕಂಬದ ಬುಡಕ್ಕೆ ಕಲ್ಲು ಹೇಗೆ ಕೊಟ್ಟಿದ್ದಾರೆ ನೋಡಿ. ಇನ್ನೊಂದು ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಪಾರಂಪರಿಕ ಗ್ರಾಮ. ಕೆಡವಲು ಹೊರಟಿದ್ದ ಮನೆಗಳನ್ನು ಬಿಚ್ಚಿ, ತುಂಡು ತುಂಡಿಗೆ ಗುರುತು ಹಾಕಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು; ಕುಂಜೂರಿನ ಚೌಕಿಮನೆ ಅಂಥವುಗಳಲ್ಲಿ ಒಂದು. ಒಬ್ಬ ಮನುಷ್ಯ ಆಯುಷ್ಯವಿಡೀ ಮಾಡಿದ ಆ ಕೆಲಸಕ್ಕೆ ನಾನು ಕೈಮುಗಿಯುತ್ತೇನೆ. ಆದರೂ ಅಲ್ಲಿ ನಿಂತಾಗ ನನಗೆ ಅನಿಸಿದ್ದು, ಈ ಮನೆಗಳಲ್ಲಿ ಒಲೆ ಉರಿಯುತ್ತಿದ್ದರೆ, ಮಕ್ಕಳು ಓಡಾಡುತ್ತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು. ಎಲ್ಲ ಮನೆಯನ್ನೂ ಮಣಿಪಾಲದ ಗುಡ್ಡ ಹತ್ತಿಸಿ ಕಾಪಾಡಲು ಯಾರಿಂದಲೂ ಆಗದು. ನಿಮ್ಮ ಮನೆಯನ್ನು ನಿಂತಲ್ಲೇ ಕಾಪಾಡಬಲ್ಲವರು ನೀವೇ.

ಕೆಲಸವೆಲ್ಲ ಮುಗಿದು ಗೃಹಪ್ರವೇಶದ ಊಟ ಆದ ಮೇಲೂ ಹಳೇ ಮನೆ ವರ್ಷಕ್ಕೊಮ್ಮೆ ಕೈ ಕೇಳುತ್ತದೆ. ಹಂಚು ಕೈಯಾಡಿಸುವ ಆಳುಗಳು ಮೇ ತಿಂಗಳಿನಲ್ಲಿ ಎಲ್ಲರಿಗೂ ಒಟ್ಟಿಗೇ ಬೇಕಾಗುತ್ತಾರೆ, ಆದ್ದರಿಂದ ಮೊದಲೇ ಹೇಳಿಟ್ಟುಕೊಳ್ಳಿ. ನಾಲ್ಕೈದು ಮನೆಯವರು ಸೇರಿ ಒಂದೇ ವಾರಕ್ಕೆ ಗೊತ್ತುಮಾಡಿಕೊಂಡರೆ ಅವರಿಗೂ ಅನುಕೂಲ. ಒಡೆದ ಹಂಚಿಗೆ ಬದಲು ಹಾಕಲು ಅದೇ ಅಚ್ಚಿನ ನೂರು ಹಂಚು ಕೊಟ್ಟಿಗೆಯ ಮೂಲೆಯಲ್ಲಿ ಇರಲಿ. ಬೇರೆ ಕಾರ್ಖಾನೆಯ ಹಂಚು ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಸೂರಿನ ಮೇಲೆ ಚಾಚಿದ ಮರದ ಕೊಂಬೆ ಸವರಿಸಿ. ಚರಂಡಿಯ ಕಸ ಎಳೆಯಿರಿ, ಗೋಡೆಯ ಬುಡಕ್ಕೆ ಒಟ್ಟಿದ ಸೌದೆ ದೂರ ಹಾಕಿಸಿ. ರೋಹಿಣಿ ಮಳೆ ಹನಿಯುವ ಮೊದಲು ಇಷ್ಟು ಆಗಿರಲಿ. ಮತ್ತೆ ಒಂದು ಬಳಪದ ತುಂಡು ಜೇಬಿಗೆ ಹಾಕಿಕೊಳ್ಳಿ.